ಗೃಹಸ್ಥರಾಗಿದ್ದ ಗುರುರಾಜರು

ಶ್ರಾವಣ ಬಹುಳ ಬಿದಿಗೆಯಂದು ಶ್ರೀರಾಘವೇಂದ್ರತೀರ್ಥರ ಆರಾಧನೆಯನ್ನು ಆಚರಿಸುವ ನಾವು ಯತಿಗಳಾದ ಗುರುರಾಜರನ್ನು ನೆನೆಯುತ್ತೇವೆ. ಗೃಹಸ್ಥರಾಗಿದ್ದ ವೆಂಕಟನಾಥರನ್ನು ಮರೆಯುತ್ತೇವೆ.

ಭುವನಗಿರಿಯ ತಿಮ್ಮಣ್ಣಭಟ್ಟರು ಹಾಗೂ ಗೋಪಿಕಾಂಬೆಯವರ ಪುತ್ರರಾದ ಇವರು ಮಧುರೆಯಲ್ಲಿ ಭಾವನವರಾದ ಲಕ್ಷ್ಮೀನರಸಿಂಹಾಚಾರ್ಯರ ಬಳಿ ಅಧ್ಯಯನ ಮಾಡಿದರು. ಸರಸ್ವತೀಬಾಯಿಯವರನ್ನು ವರಿಸಿದ ಮೇಲೆ ಕುಂಭಕೋಣದಲ್ಲಿ ಶ್ರೀಸುಧೀಂದ್ರತೀರ್ಥರಲ್ಲಿ ಶಾಸ್ತ್ರಪಾಠ ಹೇಳಿಸಿಕೊಂಡರು. ಕಡುಬಡತನದಿಂದ ಏಕಾದಶಿಯಲ್ಲದ ದಿನಗಳಲ್ಲಿಯೂ ಮನೆಯಲ್ಲಿ ಉಪವಾಸವಿರುತ್ತಿತ್ತು. ಆದರೂ ಪಾಠಪ್ರವಚನವು ನಿಲ್ಲಲಿಲ್ಲ.

ಗುರುಗಳು ಸಂನ್ಯಾಸಕ್ಕೆ ಅಪ್ಪಣೆ ಮಾಡಿದಾಗ ವೆಂಕಟನಾಥರು ಒಡನೆಯೇ ಒಪ್ಪಲಿಲ್ಲ. ಪತ್ನಿಯು ತರುಣಿ, ಮಗ ಲಕ್ಷ್ಮೀನಾರಾಯಣನಿಗೆ ಉಪನಯನವಾಗಿರಲಿಲ್ಲ. ವಾಗ್ದೇವಿಯು ಸ್ವಪ್ನದಲ್ಲಿ ಪ್ರೇರಿಸಿದ ಮೇಲೆ ಮನಸ್ಸು ಮಾಡಿದರು. ಆಗಲೂ ಮೊದಲು ಮಗನ ಉಪನಯನವನ್ನು ನೆರವೇರಿಸಿ, ಅನಂತರ 1621ರಲ್ಲಿ ತಂಜಾವೂರಿನಲ್ಲಿ ಕಾಷಾಯವನ್ನು ಧರಿಸಿದರು. ಮಗನು ಬ್ರಹ್ಮಚರ್ಯವನ್ನು ಪ್ರವೇಶಿಸಿದ ಮೇಲೆಯೇ ತಂದೆಯು ಗಾರ್ಹಸ್ಥ್ಯವನ್ನು ದಾಟಿದರು. ವಿರಹವನ್ನು ತಾಳಲಾರದೆ ಸಾಧ್ವಿಯು ಬಾವಿಯಲ್ಲಿ ಪ್ರಾಣಬಿಟ್ಟರೆಂದೂ, ಯತಿಗಳು ಕಮಂಡಲೋದಕವನ್ನು ಪ್ರೋಕ್ಷಿಸಿ ಅವರಿಗೆ ಸದ್ಗತಿಯನ್ನು ಕರುಣಿಸಿದರೆಂದೂ ಸಂಪ್ರದಾಯವು ಹೇಳುತ್ತದೆ. ಗುರುಗಳು 1671ರಲ್ಲಿ ತುಂಗಭದ್ರಾತೀರದ ಮಂಚಾಲೆಯಲ್ಲಿ ಬೃಂದಾವನವನ್ನು ಪ್ರವೇಶಿಸಿದರು.

ಸಂನ್ಯಾಸವು ಮನೆಯ ಋಣದಿಂದ ತಪ್ಪಿಸಿಕೊಳ್ಳುವ ದಾರಿಯಲ್ಲ. ಒಂದು ಆಶ್ರಮದ ಧರ್ಮವನ್ನು ಸಲ್ಲಿಸಿದವರಿಗೂ ಮುಂದಿನ ಮೆಟ್ಟಿಲು ಸುಲಭವಾಗಿರಲಿಲ್ಲ. ಅದರ ಭಾರವನ್ನು ಮನೆಯವರೂ ಹೊತ್ತರು. ಶಿಂಷಾತೀರದ ಗೃಹಸ್ಥರಾದ ನಾವು ಮಧ್ಯಾರಾಧನೆಯ ದಿನ ಗುರುಗಳೊಡನೆ ಆ ಸಾಧ್ವಿಯನ್ನೂ ಸ್ಮರಿಸೋಣ.