ಕ್ರಿಸ್ಟನ್ ನಿಗಾರ್ಡ್

ಹೊನ್ನಾವರದ ಬಂದರಿನಿಂದ ಮೀನು ತುಂಬಿಕೊಂಡು ಕುಮಟೆಯ ಕಡೆಗೆ ಹೊರಡುವ ಲಾರಿಯಲ್ಲಿ ನನ್ನ ತಂದೆಯವರ ಪಕ್ಕದಲ್ಲಿ ಕುಳಿತು ಹೆದ್ದಾರಿಯ ಟೋಲ್ ಗೇಟಿನಲ್ಲಿ ಎಷ್ಟೋ ಸಲ ಕಾದಿದ್ದೇನೆ. ಮುಂದೆ ಬಸ್ಸು, ಹಿಂದೆ ಕಾರು, ನಡುವೆ ನಮ್ಮ ಲಾರಿ. ಇಂಥದೇ ಸಾಲೊಂದು ದೂರದ ನಾರ್ವೆಯ ಗಣಿತಜ್ಞರೊಬ್ಬರನ್ನು ಚಿಂತೆಗೆ ಹಚ್ಚಿತ್ತೆಂದು ಈ ವರ್ಷ ಓದಿ ತಿಳಿದಾಗ ನನಗೆ ಸೋಜಿಗವಾಯಿತು.

ಕ್ರಿಸ್ಟನ್ ನಿಗಾರ್ಡರು ೧೯೨೬ನೆಯ ಇಸವಿ ಆಗಸ್ಟ್ ೨೭ರಂದು ಓಸ್ಲೋ ನಗರದಲ್ಲಿ ಜನಿಸಿದರು. ೧೯೪೮ರಲ್ಲಿ ದೇಶದ ರಕ್ಷಣಾ ಸಂಶೋಧನ ಸಂಸ್ಥೆಯನ್ನು ಸೇರಿದರು. ಕೆಲಸ ಮಾಡುತ್ತಲೇ ೧೯೫೬ರಲ್ಲಿ ಗಣಿತದಲ್ಲಿ ಸ್ನಾತಕೋತ್ತರ ಪದವಿಯನ್ನು ಪಡೆದರು. ೧೯೬೦ರಲ್ಲಿ ನಾರ್ವೆಯ ಗಣಕ ಕೇಂದ್ರಕ್ಕೆ ಬಂದು, ಓಲೆ-ಯೋಹಾನ್ ಡಾಲ್ ಎಂಬ ಮಿತ್ರರೊಡನೆ ಸಿಮುಲಾ ಎಂಬ ಕಂಪ್ಯೂಟರ್ ಭಾಷೆಯನ್ನು ರಚಿಸಿದರು.

ಸುಂಕದ ಕಟ್ಟೆಯ ಮುಂದೆ ನಿಂತ ಲಾರಿ, ಬಸ್ಸು, ಕಾರುಗಳನ್ನು ಬೇರೆ ಬೇರೆಯಾಗಿ ಬಣ್ಣಿಸುವುದೇಕೆ? ವಾಹನವೆಂಬ ವರ್ಗವನ್ನು ಒಮ್ಮೆ ಬರೆದರೆ ಅದರ ಗುಣಗಳು ಉಪವರ್ಗಗಳಿಗೆ ಪಿತ್ರಾರ್ಜಿತದಂತೆ ಬರುತ್ತವೆ. ೧೯೬೭ರ ಸಿಮುಲಾದಲ್ಲಿ ರೂಪುಗೊಂಡ ಈ ವಿಚಾರವೇ ಇನ್‌ಹೆರಿಟೆನ್ಸ್. ಆದರೆ ಅಲ್ಲಿ ಸಾಲಿನಲ್ಲಿ ನಿಲ್ಲುವ ಗುಣವೂ ಪಿತ್ರಾರ್ಜಿತವಾಗಿಯೇ ಬರುತ್ತಿತ್ತು. ಹೀಗೆ ಪಡೆದ ವಸ್ತು ಒಂದು ಸಮಯದಲ್ಲಿ ಒಂದೇ ಸಾಲಿನಲ್ಲಿ ನಿಲ್ಲಬಲ್ಲದು. ಪಿತ್ರಾರ್ಜಿತದ ತೊಡಕು ಇದೇ. ತಂದೆಯ ವರ್ಗವನ್ನು ತಿದ್ದಿದರೆ ಮಕ್ಕಳೆಲ್ಲ ಅಲುಗುತ್ತವೆ. ಆದುದರಿಂದ ಎರಿಕ್ ಗಾಮಾ ಮತ್ತು ಅವರ ಮೂವರು ಸಂಗಡಿಗರು ೧೯೯೪ರ ತಮ್ಮ ಗ್ರಂಥದಲ್ಲಿ, ಬೇಕಾದ ಭಾಗಗಳನ್ನು ಜೋಡಿಸಿಕೊಳ್ಳುವ ಕಾಂಪೊಸಿಷನ್ನಿಗೇ ಮೊದಲ ಮಣೆ ಹಾಕಿದರು. ಲಾರಿ ಒಂದು ವಾಹನ. ಅಲ್ಲಿ ಪಿತ್ರಾರ್ಜಿತ ಸಲ್ಲುತ್ತದೆ. ಲಾರಿಗೆ ಎಂಜಿನ್ ಇದೆ, ಆದರೆ ಲಾರಿಯೇ ಎಂಜಿನ್ ಅಲ್ಲ. ಅಲ್ಲಿ ಜೋಡಣೆಯೇ ಸರಿ.

ನಿಗಾರ್ಡರ ಬಾಳೂ ಒಂದು ಜೋಡಣೆ. ೧೯೭೦ರ ದಶಕದಲ್ಲಿ ಅವರು ಕಬ್ಬಿಣ ಮತ್ತು ಲೋಹ ಕಾರ್ಮಿಕರ ಸಂಘದೊಡನೆ ಸೇರಿ, ಕಾರ್ಖಾನೆಗೆ ಬರುವ ಕಂಪ್ಯೂಟರಿನ ವಿಷಯದಲ್ಲಿ ದುಡಿಯುವವನ ಮಾತಿಗೂ ಬೆಲೆಯಿರಬೇಕೆಂದು ಶ್ರಮಿಸಿದರು. ಡಾಲ್‌ರೊಂದಿಗೆ ೨೦೦೧ರ ಟ್ಯೂರಿಂಗ್ ಪ್ರಶಸ್ತಿಗೆ ಪಾತ್ರರಾದರು. ೨೦೦೨ರ ಜೂನ್ ೨೯ರಂದು ಡಾಲ್, ಆಗಸ್ಟ್ ೧೦ರಂದು ನಿಗಾರ್ಡ್ ತೀರಿಕೊಂಡರು. ಜೊತೆಗೆ ದುಡಿದವರು ಆರು ವಾರಗಳ ಅಂತರದಲ್ಲಿ ಅಗಲಿದರು.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಪರೀಕ್ಷೆ ಮುಗಿದ ಮೇಲೆ ಲಾರಿ ನಿನ್ನದೇ ಎಂದು ತಂದೆಯವರು ಹೇಳಿದ್ದಾರೆ. ಲಾರಿಯೊಡನೆ ಅದರ ಸಾಲವೂ ಬರುತ್ತದೆ. ಅವರ ತಾಳ್ಮೆಯನ್ನೂ ರಾತ್ರಿಯೆಲ್ಲ ಎಚ್ಚರವಿರುವ ಅಭ್ಯಾಸವನ್ನೂ ನನ್ನ ಬಾಳಿಗೆ ಜೋಡಿಸಿಕೊಂಡು ಬೇರೆ ದಾರಿ ಹಿಡಿಯಬೇಕೆಂದು ನನ್ನ ಮನಸ್ಸು ಹೇಳುತ್ತದೆ. ನಿಗಾರ್ಡರ ಜೀವನವನ್ನು ಓದಿದ ಮೇಲೆ ಇದು ತಂದೆಯವರನ್ನು ತೊರೆದಂತಲ್ಲವೆಂದು ಮನದಟ್ಟಾಗಿದೆ. ಅವರ ಮುಂದೆ ನಿಂತು ಹೇಳುವ ಧೈರ್ಯವೊಂದು ಇನ್ನೂ ಬರಬೇಕಾಗಿದೆ.