ಭೂಲೋಕಮಲ್ಲ ಸೋಮೇಶ್ವರನು

ಹುಮನಾಬಾದಿನ ಬಳಿಯ ಜಲಸಂಗ್ವಿಯಲ್ಲಿ ಕಲ್ಲಿನ ಕನ್ನಿಕೆಯೊಬ್ಬಳು ಯಾವ ಅರಸನ ಕೀರ್ತಿಯನ್ನು ಬರೆಯುತ್ತಿರುವಳೋ, ಆ ಆರನೆಯ ವಿಕ್ರಮಾದಿತ್ಯನ ಮಗನೇ ಮೂರನೆಯ ಸೋಮೇಶ್ವರನು. ಇವನು ಸುಮಾರು 1126ರಿಂದ 1138ರ ವರೆಗೆ ಕಲ್ಯಾಣದಲ್ಲಿ, ಅಂದರೆ ಈಗಿನ ಬಸವಕಲ್ಯಾಣದಲ್ಲಿ, ಆಳಿದನು. ವಿದ್ಯೆಯನ್ನು ಬಹಳವಾಗಿ ಪ್ರೀತಿಸಿ, 1129ರ ಸುಮಾರಿಗೆ ಸಂಸ್ಕೃತದಲ್ಲಿ ಮಾನಸೋಲ್ಲಾಸವೆಂಬ ನೂರು ಅಧ್ಯಾಯಗಳ ಗ್ರಂಥವನ್ನು ರಚಿಸಿದನು. ಅದರಲ್ಲಿ ಮೀನು ಹಿಡಿಯುವ ವಿದ್ಯೆಗೂ ಒಂದು ಅಧ್ಯಾಯವುಂಟು. ಆಯಾ ಜಾತಿಯ ಮೀನಿಗೆ ತಕ್ಕ ಆಹಾರವನ್ನು ಮುಂಚಿತವಾಗಿ ಹಾಕಿ ಪೋಷಿಸುವದನ್ನೂ, ನೂಲು, ಕೋಲು, ಗಾಳಗಳನ್ನು ಸಿದ್ಧಪಡಿಸುವದನ್ನೂ ಅಲ್ಲಿ ವಿವರಿಸಿದ್ದಾನೆ.

ಅವನು ತೀರಿಕೊಂಡು ಮೂವತ್ತು ವರುಷ ತುಂಬುವ ಮೊದಲೇ ಕಲ್ಯಾಣವು ಕಳಚುರಿ ಬಿಜ್ಜಳನ ಕೈಸೇರಿತು. ಗ್ರಂಥವಾದರೋ ಇಂದಿಗೂ ಉಳಿದದೆ. ಆದಕಾರಣ ನಾವೂ ಈ ಚಳಿಗಾಲದಲ್ಲಿ ಕೆರೆಯ ನೀರು ಇಳಿಯುವ ಮುಂಚೆಯೇ ಬಲೆಗಳನ್ನು ಸರಿಮಾಡಿ, ಮರಿಮೀನುಗಳನ್ನು ನೀರಿಗೆ ಬಿಟ್ಟುಕೊಟ್ಟು, ಬರುವ ಕಾಲಕ್ಕಾಗಿ ಆಲೋಚಿಸೋಣ.