ಗಂಟುಮೂಟೆ ಕಟ್ಟಿಟ್ಟಿದ್ದ ಜಗದ್ಗುರು

ಮಧುಗಿರಿ, ಬಡವನಹಳ್ಳಿ ಸೀಮೆಯ ಅನೇಕ ಮನೆಗಳಲ್ಲಿ ಕ್ಯಾನ್ಸರ್ ಎಂಬ ಹೆಸರನ್ನು ರೋಗಿಯ ಎದುರು ಎತ್ತುವುದೇ ಇಲ್ಲ. ಅಲ್ಲಿ ನಗುವುದಂತೂ ದೂರದ ಮಾತು. ಸಂತ 23ನೇ ಯೊವಾನ್ನರ ಬದುಕು ಬೇರೊಂದು ದಾರಿ ತೋರಿಸುತ್ತದೆ.

ಆಂಜೆಲೊ ರೊಂಕಾಲ್ಲಿ 1881ರಲ್ಲಿ ಉತ್ತರ ಇಟಲಿಯ ಸೊತ್ತೊ ಇಲ್ ಮೊಂತೆ ಎಂಬ ಹಳ್ಳಿಯಲ್ಲಿ ಹುಟ್ಟಿದರು. ಪರರ ಹೊಲವನ್ನು ವಾರಕ್ಕೆ ಮಾಡುತ್ತಿದ್ದ ದೊಡ್ಡ ಸಂಸಾರ ಅದು. 1904ರಲ್ಲಿ ಗುರುಪಟ್ಟ ಪಡೆದ ಅವರು, ಮರುವರ್ಷ ಬೆರ್ಗಾಮೊದ ಧರ್ಮಾಧ್ಯಕ್ಷ ರಾದೀನಿ ತೆದೆಸ್ಕಿಯವರ ಕಾರ್ಯದರ್ಶಿಯಾದರು. 1914ರಲ್ಲಿ ಆ ಧರ್ಮಾಧ್ಯಕ್ಷರು ಕ್ಯಾನ್ಸರಿನಿಂದ ಮರಣಶಯ್ಯೆಯಲ್ಲಿದ್ದಾಗ ಈ ಯುವಗುರು ಕೊನೆಯವರೆಗೂ ಪಕ್ಕದಲ್ಲೇ ಇದ್ದರು.

1958ರಲ್ಲಿ, 76ರ ವಯಸ್ಸಿನಲ್ಲಿ, ರೊಂಕಾಲ್ಲಿಯವರು ಜಗದ್ಗುರುವಾದರು. ಹೊಲಿದಿಟ್ಟಿದ್ದ ಬಿಳಿ ನಿಲುವಂಗಿಗಳಾವುವೂ ಅವರ ದಪ್ಪ ಮೈಗೆ ಆಗಲಿಲ್ಲ. ಬೇರೆಯವರಾಗಿದ್ದರೆ ಮುಜುಗರ ಪಡುತ್ತಿದ್ದರು, ಅವರು ನಕ್ಕುಬಿಟ್ಟರು. ಅದೇ ವರ್ಷ ಕ್ರಿಸ್ಮಸ್ ಮಾರನೆಯ ದಿನ ರೋಮಿನ ಸೆರೆಮನೆಗೆ ಹೋಗಿ, ಕಳ್ಳಬೇಟೆಯಾಡಿ ಜೈಲು ಕಂಡಿದ್ದ ತಮ್ಮ ಬಂಧುವೊಬ್ಬನ ಸಂಗತಿ ಹೇಳಿ ಕೈದಿಗಳ ಮನ ಗೆದ್ದರು. ಅವರ ಹಾಸ್ಯ ಯಾರನ್ನೂ ಚುಚ್ಚುತ್ತಿರಲಿಲ್ಲ. ತಮ್ಮನ್ನೇ ತಗ್ಗಿಸಿಕೊಂಡು ಎದುರಿನವರನ್ನು ಹಗುರಗೊಳಿಸುತ್ತಿತ್ತು.

1962ರ ಸೆಪ್ಟೆಂಬರಿನಲ್ಲಿ ಹೊಟ್ಟೆಯ ಕ್ಯಾನ್ಸರ್ ಪತ್ತೆಯಾಯಿತು. ಮೂರು ವಾರದೊಳಗೆ, ಅಕ್ಟೋಬರ್ 11ರಂದು, ಅವರು ಎರಡನೇ ವ್ಯಾಟಿಕನ್ ಮಹಾಸಭೆಯನ್ನು ಆರಂಭಿಸಿದರು. ಇಂದು ನಾವು ಬಲಿಪೂಜೆಯನ್ನು ಕನ್ನಡದಲ್ಲಿ ಅರ್ಪಿಸುತ್ತಿರುವುದು ಆ ಸಭೆಯ ಫಲ.

1963ರ ಮೇ 31ರಂದು ಕಾರ್ಯದರ್ಶಿ ಲೋರಿಸ್ ಕಪೊವಿಲ್ಲಾ ಹಾಸಿಗೆಯ ಬಳಿ ಮೊಣಕಾಲೂರಿ, ಅಂತ್ಯ ಸಮೀಪಿಸಿದೆ ಎಂದು ತಿಳಿಸಿದರು. 1914ರಲ್ಲಿ ರೊಂಕಾಲ್ಲಿ ತಮ್ಮ ಧರ್ಮಾಧ್ಯಕ್ಷರಿಗೆ ಸಲ್ಲಿಸಿದ್ದ ಸೇವೆ ಈಗ ಅವರಿಗೇ ಸಂದಿತು. ದುಃಖ ತಡೆಯಲಾರದ ಗೆಳೆಯನನ್ನು ರೋಗಿಯೇ ಸಂತೈಸಿ, ಇದೆಲ್ಲ ಮುಗಿದ ಮೇಲೆ ಹೋಗಿ ತಾಯಿಯನ್ನು ನೋಡಿಕೊಂಡು ಬರಬೇಕೆಂದರು. ತಮ್ಮ ಗಂಟುಮೂಟೆ ಕಟ್ಟಿಯಾಗಿದೆ, ಹೊರಡಲು ಸಿದ್ಧ ಎಂದು ವೈದ್ಯರಿಗೂ ಹೇಳಿದ್ದರು. ಊರಿನಿಂದ ಒಡಹುಟ್ಟಿದವರು ಬಂದು ಸುತ್ತ ನಿಂತರು. ಜೂನ್ 3ರ ಸಂಜೆ, ಕೆಳಗಿನ ಚೌಕದಲ್ಲಿ ಅವರಿಗಾಗಿ ಅರ್ಪಿಸಿದ ಬಲಿಪೂಜೆ ಮುಗಿಯುವ ಹೊತ್ತಿಗೆ ಪ್ರಾಣ ಬಿಟ್ಟರು. 2014ರಲ್ಲಿ ಧರ್ಮಸಭೆ ಅವರನ್ನು ಸಂತರೆಂದು ಘೋಷಿಸಿತು.

ನಗು ಅವರ ರೋಗವನ್ನು ವಾಸಿಮಾಡಲಿಲ್ಲ, ನೋವನ್ನೂ ಅಳಿಸಲಿಲ್ಲ. ಆದರೆ ಸುಳ್ಳು ಧೈರ್ಯ ಹೇಳುವ ಕಷ್ಟ ಆ ಕೋಣೆಯಲ್ಲಿ ಯಾರಿಗೂ ಇರಲಿಲ್ಲ. ನಮ್ಮ ಧರ್ಮಕೇಂದ್ರದಲ್ಲಿ ಯಾರಾದರೂ ಈ ವ್ಯಾಧಿಯಿಂದ ಮಲಗಿದ್ದರೆ, ಉಪದೇಶ ಹೊತ್ತು ಹೋಗುವುದು ಬೇಡ. ಹಳೆಯ ಗೆಳೆತನದ ಒಂದು ನೆನಪು ಒಯ್ಯೋಣ. ಅವರು ನಕ್ಕರೆ ಜೊತೆಗೆ ನಗೋಣ, ಅತ್ತರೆ ಎದ್ದು ಬರದೆ ಕೂತಿರೋಣ.